ಕೊಂಡಿ ಬೀಳದ ಟಾಲರ್

ಮಾನ್ಸ್‌ಫೆಲ್ಡಿನ ಕೌಂಟ್ ಡಾವಿಡನ ಹೆಸರಿನಲ್ಲಿ ಅಚ್ಚಾದ ಟಾಲರ್ ಎಂಬ ದೊಡ್ಡ ಬೆಳ್ಳಿ ನಾಣ್ಯ ಜರ್ಮನಿಯ ನಾಣ್ಯ ಹರಾಜುಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತಲೇ ಇರುತ್ತದೆ. ಆದರೆ ಚಿತ್ರದ ಕೆಳಗಿನ ಸಣ್ಣಕ್ಷರದ ವಿವರ ಓದಿ ನೋಡಿ, ಹೆಚ್ಚುಕಡಿಮೆ ಒಂದೇ ರಾಗ: ಕೊಂಡಿ ಕಿತ್ತ ಗುರುತಿದೆ, ಚಿನ್ನದ ಮುಲಾಮು (ಲೇಪ) ಅಲ್ಲಲ್ಲಿ ಉಳಿದಿದೆ, ತೂತು ಮುಚ್ಚಿದೆ, ಅಂಚಿಗೆ ಅರ ಹಾಕಿದೆ. ಟಂಕಸಾಲೆಯಿಂದ ಹೊರಬಿದ್ದ ಹಾಗೇ, ಯಾರ ಕೊರಳಿಗೂ ಏರದೆ, ಯಾರ ಅಂಗಿಯ ಒಳಪದರಕ್ಕೂ ಹೊಲಿಸಿಕೊಳ್ಳದೆ ಉಳಿದ ಪ್ರತಿ ಸಿಕ್ಕುವುದು ನಿಜಕ್ಕೂ ಅಪರೂಪ. ನಾಣ್ಯ ಸಂಗ್ರಹದಲ್ಲಿ ಅಪರೂಪ ಎಂದರೆ ಎಷ್ಟು ಅಚ್ಚಾದವು ಎಂಬ ಲೆಕ್ಕವೆಂದೇ ಹಲವರು ತಿಳಿದಿರುತ್ತಾರೆ. ಈ ಟಾಲರಿನ ವಿಷಯದಲ್ಲಿ ಆ ಲೆಕ್ಕಕ್ಕೆ ಬೆಲೆಯಿಲ್ಲ. ಅದನ್ನು ಜನ ತಾಯಿತವಾಗಿ ಬಳಸಿದ್ದೇ ಅದರ ಗತಿಯನ್ನು ನಿರ್ಧರಿಸಿತು.

ನಾಣ್ಯದ ಒಂದು ಮುಖದಲ್ಲಿ ಕುದುರೆಯೇರಿದ ಸಂತ ಜಾರ್ಜ್, ಗೊರಸಿನ ಕೆಳಗೆ ಹೊರಳಾಡುವ ಘಟಸರ್ಪ. ಸುತ್ತಲೂ ಜರ್ಮನ್ ಭಾಷೆಯ ವಾಕ್ಯ: ‘ಬೈ ಗಾಟ್ ಇಸ್ಟ್ ರಾಟ್ ಉಂಡ್ ಟಾಟ್’. ಬುದ್ಧಿ ಕೊಡುವವನೂ ಮಾಡಿಸುವವನೂ ದೇವರೇ ಎಂದು ಅದರ ಭಾವ. ಇನ್ನೊಂದು ಮುಖದಲ್ಲಿ ಶಿರಸ್ತ್ರಾಣ ಹೊತ್ತ ಮನೆತನದ ಲಾಂಛನ: ಅಡ್ಡಪಟ್ಟಿ, ವಜ್ರಾಕೃತಿಗಳು, ಹದ್ದು, ಸಿಂಹ. ಅದರ ಸುತ್ತ ಲ್ಯಾಟಿನ್ನಿನಲ್ಲಿ ಡಾವಿಡನ ಬಿರುದು ಮೊಟಕಾಗಿ ಇದೆ: ಮಾನ್ಸ್‌ಫೆಲ್ಡಿನ ಕೌಂಟ್ ಮತ್ತು ಒಡೆಯ, ಹೆಲ್ಡ್ರುಂಗೆನ್ ಹಾಗೂ ಶ್ರಾಪ್ಲಾವ್‌ಗಳ ಧಣಿ. ಅಚ್ಚಿನಿಂದ ಅಚ್ಚಿಗೆ ಈ ಮೊಟಕಿನ ಉದ್ದ ಬದಲಾಗುತ್ತದೆ, ವಾಕ್ಯದ ಕಾಗುಣಿತವೂ ಬದಲಾಗುತ್ತದೆ. ‘ಯು’ ಇರಬೇಕಾದಲ್ಲೆಲ್ಲ ‘ವಿ’ ಇರುತ್ತದೆ. ‘ಜಿ ಎಂ’ ಎಂಬ ಎರಡಕ್ಷರ ಐಸ್ಲೇಬೆನ್ ಟಂಕಸಾಲೆಯ ಅಧಿಕಾರಿ ಗೇಯೋರ್ಗ್ ಮೈನ್‌ಹಾರ್ಟನ ಗುರುತು. 1606ರಿಂದ 1611ರ ನಡುವಿನ ವರ್ಷಗಳನ್ನು ಹೊತ್ತವು ಹೆಚ್ಚು ಹೆಸರಾದವು.

ಇಷ್ಟು ಚಿಕ್ಕ ಒಡೆತನಕ್ಕೆ ಇಷ್ಟು ದಪ್ಪ ಬೆಳ್ಳಿ ನಾಣ್ಯ ಎಲ್ಲಿಂದ ಬಂತು? ಮಾನ್ಸ್‌ಫೆಲ್ಡ್ ಇರುವುದು ಹಾರ್ಟ್ಸ್ ಬೆಟ್ಟಗಳ ಪೂರ್ವದ ತಪ್ಪಲಿನಲ್ಲಿ, ಇಂದಿನ ಸಾಕ್ಸೆನ್-ಆನ್‌ಹಾಲ್ಟ್ ರಾಜ್ಯದಲ್ಲಿ. ಅಲ್ಲಿನ ನೆಲದಡಿ ಕಪ್ಪು ಪದರುಗಲ್ಲಿನ ಒಂದು ತೆಳು ಹಾಸು ಇದೆ. ದಪ್ಪ ಅರ್ಧ ಮೀಟರೂ ಇಲ್ಲ. ಕೆಲಸಗಾರರು ಒಂದು ಮಗ್ಗುಲಿಗೆ ಮಲಗಿಕೊಂಡೇ ಅದನ್ನು ಕಡಿಯಬೇಕಿತ್ತು. ಆ ಕಲ್ಲಿನಲ್ಲಿ ತಾಮ್ರವಿದೆ, ತಾಮ್ರದೊಳಗೆ ಬೆಳ್ಳಿಯಿದೆ. ನೂರು ಕಿಲೋ ತಾಮ್ರಕ್ಕೆ ಅರ್ಧ ಕಿಲೋ ಆಸುಪಾಸು ಬೆಳ್ಳಿ. ಒಂದು ಟಾಲರಿಗೆ 26 ಗ್ರಾಂ ಚೊಕ್ಕ ಬೆಳ್ಳಿ ಬೇಕು. ಅಂದರೆ ನೂರು ಕಿಲೋ ತಾಮ್ರ ಕರಗಿಸಿದರೆ ಹತ್ತೊಂಬತ್ತು ಟಾಲರ್.

ತಾಮ್ರದಿಂದ ಬೆಳ್ಳಿಯನ್ನು ಬೇರೆ ಮಾಡುವ ಉಪಾಯ ಸೊಗಸಾಗಿದೆ. ಬೆಳ್ಳಿಗೆ ತಾಮ್ರಕ್ಕಿಂತ ಸೀಸದ ಮೇಲೆ ಒಲವು ಹೆಚ್ಚು. ಕಚ್ಚಾ ತಾಮ್ರಕ್ಕೆ ಅದರ ಸುಮಾರು ಮೂರು ಪಟ್ಟು ಸೀಸ ಬೆರೆಸಿ ಕರಗಿಸಿ, ದಪ್ಪ ಬಿಲ್ಲೆಗಳಾಗಿ ಎರಕ ಹೊಯ್ಯುತ್ತಿದ್ದರು. ಆ ಬಿಲ್ಲೆಗಳನ್ನು ಇದ್ದಿಲ ಬೆಂಕಿಯಲ್ಲಿ ಹದವಾಗಿ ಕಾಯಿಸಿದರೆ 327 ಡಿಗ್ರಿಗೇ ಕರಗುವ ಸೀಸ ಬೆವರಿನಂತೆ ಒಸರುತ್ತದೆ, ಬೆಳ್ಳಿಯನ್ನು ಜೊತೆಗೆ ಎಳೆದುಕೊಂಡು. 1,084 ಡಿಗ್ರಿ ಬೇಕಾದ ತಾಮ್ರ ಅಲ್ಲೇ ನಿಲ್ಲುತ್ತದೆ. ಬೆಂಕಿ ಜೋರಾದರೆ ತಾಮ್ರವೂ ಇಳಿದು ಎಲ್ಲ ಕಲಸಿಹೋಗುತ್ತದೆ. ಮಂದವಾದರೆ ಬೆಳ್ಳಿ ತಾಮ್ರದಲ್ಲೇ ಉಳಿಯುತ್ತದೆ. ಕೊನೆಗೆ ಸೀಸದ ಮೇಲೆ ಗಾಳಿ ಊದಿ ಅದನ್ನು ಬೂದಿಯಾಗಿಸಿದರೆ ಒಲೆಯ ತಳದಲ್ಲಿ ಬೆಳ್ಳಿ ಮಿಂಚುತ್ತದೆ. ಈ ಕೆಲಸಕ್ಕೆ ವಿಪರೀತ ಸೌದೆ, ವಿಪರೀತ ಬಂಡವಾಳ ಬೇಕಿತ್ತು. ಹಣ ಹೂಡಿದವರು ನ್ಯೂರೆನ್‌ಬರ್ಗಿನಂಥ ಊರುಗಳ ವರ್ತಕರು. ಕರಗಿಸುವ ಒಲೆಗಳಲ್ಲಿ ಹಲವು ದೂರದ ಥುರಿಂಗಿಯ ಕಾಡುಗಳಲ್ಲಿದ್ದವು. ಅದಿರು ಕೌಂಟ್‌ಗಳದು, ಲಾಭದ ದೊಡ್ಡ ಪಾಲು ಇನ್ನೊಬ್ಬರದು.

ಪ್ರಾಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರನ ತಂದೆ ಹಾನ್ಸ್ ಈ ಮಾನ್ಸ್‌ಫೆಲ್ಡಿನಲ್ಲೇ ತಾಮ್ರ ಕರಗಿಸುವ ಗುತ್ತಿಗೆ ಹಿಡಿದಿದ್ದವನು. ಲೂಥರ್ 1483ರಲ್ಲಿ ಐಸ್ಲೇಬೆನ್ನಿನಲ್ಲಿ ಹುಟ್ಟಿದ. 1546ರ ಫೆಬ್ರವರಿ 18ರಂದು ಅದೇ ಊರಿನಲ್ಲಿ ತೀರಿಕೊಂಡ. ಕೊನೆಯ ಸಲ ಅಲ್ಲಿಗೆ ಬಂದದ್ದು ಮಾನ್ಸ್‌ಫೆಲ್ಡ್ ಕೌಂಟ್‌ಗಳ ದಾಯಾದಿ ಜಗಳ ಬಿಡಿಸಲು. ಆ ಮನೆತನ 1501ರಲ್ಲೇ ಮೂರು ಪಾಲಾಗಿತ್ತು. ಒಂದೇ ಬೆಟ್ಟದ ಕೋಟೆಯೊಳಗೆ ಮುಂದಿನ, ನಡುವಿನ, ಹಿಂದಿನ ಅರಮನೆ ಹಿಡಿದು ಕೂತ ಮೂರು ಶಾಖೆಗಳು: ಫೋರ್ಡರ್‌ಓರ್ಟ್, ಮಿಟ್ಟೆಲ್‌ಓರ್ಟ್, ಹಿಂಟರ್‌ಓರ್ಟ್. ಮುಂದಿನ ಮನೆ ಮತ್ತೆ ಆರು ಪಾಲಾಯಿತು. ಗಣಿ ಮತ್ತು ಟಂಕಸಾಲೆ ಮಾತ್ರ ಎಷ್ಟೋ ಕಾಲ ಕೂಡುಆಸ್ತಿಯಾಗೇ ಉಳಿದದ್ದರಿಂದ ನಾಣ್ಯದ ಅಂಚಿನಲ್ಲಿ ಪಾಲುದಾರರ ಹೆಸರೆಲ್ಲ ಬರಬೇಕಿತ್ತು. ಹೋಯರ್, ಗೆಬ್‌ಹಾರ್ಟ್, ಆಲ್ಬ್ರೆಕ್ಟ್, ಫಿಲಿಪ್ ಎಂದು ಮೂರು ನಾಲ್ಕಕ್ಷರಕ್ಕೆ ಮೊಟಕಾದ ಹೆಸರುಗಳನ್ನು ಒತ್ತೊತ್ತಾಗಿ ತುರುಕಿದ ಟಾಲರ್‌ಗಳಿವೆ. ಮಾನ್ಸ್‌ಫೆಲ್ಡ್ ನಾಣ್ಯ ಗುರುತಿಸುವವರಿಗೆ ತಲೆನೋವು ತರುವುದು ಇದೇ. ಚಿತ್ರ ಎಲ್ಲದರಲ್ಲೂ ಅದೇ ಜಾರ್ಜ್. ಯಾವ ಶಾಖೆ, ಯಾವ ವರ್ಷ ಎಂಬುದು ಹೆಸರುಗಳ ಸರಣಿ ಓದಿದಾಗಲೇ ತಿಳಿಯುವುದು. ಈ ಮನೆತನದ ನಾಣ್ಯಗಳಿಗೆ ಟೋರ್ನಾವ್ ಎಂಬ ವಿದ್ವಾಂಸ ತನ್ನ ಪಟ್ಟಿಯಲ್ಲಿ ಕೊಟ್ಟ ಕ್ರಮಸಂಖ್ಯೆಯನ್ನು ಹರಾಜಿನವರು ಬಳಸುವುದೂ ಅದಕ್ಕೇ.

1570ರ ಹೊತ್ತಿಗೆ ಸಾಲ ಕುತ್ತಿಗೆಗೆ ಬಂದು, ಮೇಲಿನ ಒಡೆಯರಾದ ಸಾಕ್ಸೆನಿ, ಮಾಗ್ಡೆಬುರ್ಗ್, ಹಾಲ್ಬರ್‌ಷ್ಟಾಟ್‌ಗಳು ಜಮೀನಿನ ಉಸ್ತುವಾರಿಯನ್ನು ತಾವೇ ವಹಿಸಿಕೊಂಡವು. ಅದೇ ವರ್ಷ ಷ್ಪೈಯರ್‌ನಲ್ಲಿ ನಡೆದ ಪವಿತ್ರ ರೋಮನ್ ಸಾಮ್ರಾಜ್ಯದ ಸಭೆ ಚಿಕ್ಕಪುಟ್ಟ ಧಣಿಗಳ ಟಂಕಸಾಲೆಗಳಿಗೆ ಕಡಿವಾಣ ಹಾಕಿತು: ಸ್ವಂತ ಗಣಿ ಇದ್ದವರಿಗೆ ಮಾತ್ರ ಸ್ವಂತ ಟಂಕಸಾಲೆ, ಉಳಿದವರು ತಮ್ಮ ಪ್ರಾಂತ ಮಂಡಲದ ಸಾಲೆಗೇ ಬೆಳ್ಳಿ ಒಯ್ಯಬೇಕು. ಮಾನ್ಸ್‌ಫೆಲ್ಡಿಗೆ ಗಣಿ ಇತ್ತು, ಟಂಕಸಾಲೆ ಉಳಿಯಿತು. ಸಾಲಗಾರ ಕೌಂಟ್‌ಗಳ ಬಳಿ ಉಳಿದಿದ್ದ ಕೆಲವೇ ರಾಜಚಿಹ್ನೆಗಳಲ್ಲಿ ಇದೊಂದು. ಹಿಂಟರ್‌ಓರ್ಟ್ ಶಾಖೆಯ ಡಾವಿಡ್ ಟಾಲರ್ ಅಚ್ಚು ಹಾಕಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಲಾಭಕ್ಕಿಂತ ‘ನಾವಿನ್ನೂ ಇದ್ದೇವೆ’ ಎನ್ನುವುದು ಅದರಲ್ಲಿ ಹೆಚ್ಚು. ಹಿಂಟರ್‌ಓರ್ಟ್‌ನವರು ಲೂಥರನ ಪಕ್ಷ ಹಿಡಿದವರಲ್ಲಿ ಮೊದಲಿಗರು ಎಂಬುದೂ ನೆನಪಿರಲಿ. ಸಂತರ ಆರಾಧನೆ ಬಿಟ್ಟ ಮನೆಯವರ ನಾಣ್ಯದ ಮೇಲೆ ಸಂತ ಜಾರ್ಜ್ ಮುಂದುವರಿದದ್ದು ಭಕ್ತಿಯಿಂದಲ್ಲ, ಆತ ಮನೆತನದ ಗುರುತಾಗಿದ್ದರಿಂದ. ಕೊಂಡವರಿಗೆ ಈ ಸೂಕ್ಷ್ಮ ಬೇಕಿರಲಿಲ್ಲ.

ಲೆಕ್ಕ ಸ್ವಲ್ಪ ನೋಡೋಣ, ಮುಂದೆ ಬರುವ ಅಸಲಿ-ನಕಲಿ ಪರೀಕ್ಷೆಗೆ ಇದೇ ಆಧಾರ. 1566ರ ಆಗ್ಸ್‌ಬರ್ಗ್ ನಿಯಮದ ಪ್ರಕಾರ ಒಂದು ಕಲೋನ್ ಮಾರ್ಕ್ ತೂಕಕ್ಕೆ, ಅಂದರೆ 233.856 ಗ್ರಾಮಿಗೆ, ಎಂಟು ಟಾಲರ್. ಒಂದಕ್ಕೆ 29.23 ಗ್ರಾಂ. ಬೆಳ್ಳಿಯ ಶುದ್ಧತೆ 14 ಲೋಟ್ 4 ಗ್ರೇನ್. 16 ಲೋಟ್ ಪೂರ್ಣ ಶುದ್ಧ, ಲೋಟ್ ಒಂದಕ್ಕೆ 18 ಗ್ರೇನ್. ಹಾಗಾಗಿ 288ಕ್ಕೆ 256, ಸಾವಿರಕ್ಕೆ 889. ಚೊಕ್ಕ ಬೆಳ್ಳಿ 25.98 ಗ್ರಾಂ. ಇಲ್ಲೊಂದು ಎಚ್ಚರ: ಆಗ ಪ್ರತಿ ನಾಣ್ಯವನ್ನೂ 29.23ಕ್ಕೆ ಸರಿಹೊಂದಿಸುತ್ತಿರಲಿಲ್ಲ. ಒಂದು ಮಾರ್ಕ್ ತೂಕದಲ್ಲಿ ಎಂಟು ಕೂತರೆ ಸಾಕು. ಒಂದು ತುಸು ಭಾರ, ಒಂದು ತುಸು ಹಗುರ. ಸವೆಯದ ನಾಣ್ಯವೇ 28.8 ತೂಗಿದರೆ ಗಾಬರಿ ಬೇಡ. 27ಕ್ಕೆ ಇಳಿದರೆ ಕಾರಣ ಹುಡುಕಬೇಕು. 31 ತೋರಿದರೆ ಇನ್ನೂ ಹೆಚ್ಚು ಅನುಮಾನಿಸಬೇಕು.

ಕೈಸುತ್ತಿಗೆಯ ಅಚ್ಚಿನ ಕ್ರಮವನ್ನು ತಿಳಿದಿದ್ದರೆ ಅಸಲಿಯ ದೋಷ ಯಾವುದು, ನಕಲಿಯ ದೋಷ ಯಾವುದು ಎಂಬುದು ತಾನಾಗಿ ಹೊಳೆಯುತ್ತದೆ. ಬೆಳ್ಳಿಯನ್ನು ಪಟ್ಟಿಯಾಗಿ ಹೊಯ್ದು, ಬಡಿದು ತೆಳುಮಾಡಿ, ಕತ್ತರಿಸಿ, ಅಂಚು ತಟ್ಟಿ ದುಂಡು ಮಾಡುತ್ತಿದ್ದರು. ಭಾರ ಹೆಚ್ಚಾದ ಬಿಲ್ಲೆಯ ಮೈಗೆ ಅರ ಎಳೆದು ತೂಕ ಇಳಿಸುತ್ತಿದ್ದರು. ಕಾಯಿಸಿದಾಗ ಕಪ್ಪಾದ ಬಿಲ್ಲೆಯನ್ನು ಉಪ್ಪು ಮತ್ತು ದ್ರಾಕ್ಷಾರಸದ ಪೀಪಾಯಿಯಲ್ಲಿ ಕಟ್ಟುವ ಹುಳಿಗಸಿಯ ನೀರಲ್ಲಿ ಕುದಿಸಿದರೆ ಮೇಲ್ಮೈಯ ತಾಮ್ರ ಕರಗಿ ಬೆಳ್ಳಗಾಗುತ್ತದೆ. ಆಮೇಲೆ ಕೊರಡಿಗೆ ಹುಗಿದ ಕೆಳ ಅಚ್ಚಿನ ಮೇಲೆ ಬಿಲ್ಲೆಯಿಟ್ಟು, ಮೇಲಚ್ಚನ್ನು ಅದರ ಮೇಲೆ ಹಿಡಿದು ಸುತ್ತಿಗೆ ಬೀಸುವುದು. 41 ಮಿಲಿಮೀಟರ್ ಅಗಲದ ಬಿಲ್ಲೆಗೆ ಒಂದೇ ಏಟು ಸಾಲದು. ಎರಡನೇ ಏಟಿಗೆ ಅಚ್ಚು ಕೂದಲೆಳೆಯಷ್ಟು ತಿರುಗಿದರೂ ಅಕ್ಷರಗಳಿಗೆ ಜೋಡಿ ನೆರಳು ಬೀಳುತ್ತದೆ. ಏಟು ಓರೆಯಾದರೆ ಒಂದು ಬದಿಯ ಅಕ್ಷರ ಮೂಡುವುದೇ ಇಲ್ಲ. ಎರಡು ಮುಖಗಳ ತಲೆ-ಬುಡ ಒಂದಕ್ಕೊಂದು ಹೊಂದಬೇಕೆಂದೇನೂ ಇಲ್ಲ, ಯಾವ ಕೋನದಲ್ಲೂ ಇರಬಹುದು. ಅಂಚು ನುಣುಪು, ಗೀರುಸಾಲೂ ಇಲ್ಲ, ಅಕ್ಷರವೂ ಇಲ್ಲ. ತಟ್ಟೆಯಂತೆ ಪರಿಪೂರ್ಣ ದುಂಡಗಿರುವ, ಅಂಚಿನಲ್ಲಿ ಹಲ್ಲುಗಳಿರುವ ಡಾವಿಡ್ ಟಾಲರ್ ಎದುರಾದರೆ ಅದು ನಕಲಿ, ಮುಂದೆ ನೋಡುವ ಕೆಲಸವಿಲ್ಲ.

ಇನ್ನು ಈ ಟಾಲರ್ ತಾಯಿತವಾದ ಕಥೆ. 1618ರಲ್ಲಿ ಮೂವತ್ತು ವರ್ಷಗಳ ಯುದ್ಧ ಶುರುವಾಯಿತು. ಲೀಬೆನಾವ್ ಎಂಬ ಸೇನಾಧಿಕಾರಿಗೆ ಗುಂಡು ತಗುಲಿತಂತೆ, ಬಟ್ಟೆಯೊಳಗೆ ಹೊಲಿದಿಟ್ಟಿದ್ದ ಮಾನ್ಸ್‌ಫೆಲ್ಡ್ ಟಾಲರಿಗೆ ಬಡಿದು ನಿಂತಿತಂತೆ. ಹಾಗೆಂದು ಜರ್ಮನ್ ಸಂಗ್ರಾಹಕರು ಇಂದಿಗೂ ಹೇಳುತ್ತಾರೆ. ಇದು ನಡೆಯಬಹುದಾದ ಸಂಗತಿಯೇ? ನಾಣ್ಯದ ದಪ್ಪ ಎರಡು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಆ ಕಾಲದ ಮಸ್ಕೆಟ್ ಗುಂಡು ಮೂವತ್ತು ಗ್ರಾಮಿಗೂ ಮೀರಿದ ಮೆತ್ತನೆ ಸೀಸದ ಉಂಡೆ. ಹತ್ತಿರದಿಂದ ಹಾರಿದರೆ ಟಾಲರನ್ನೂ ಪಕ್ಕೆಲುಬನ್ನೂ ಕೂಡಿಯೇ ಒಳಗೆ ತಳ್ಳುತ್ತದೆ. ದೂರದಿಂದ ಬಂದು ಬಲಗುಂದಿದ ಗುಂಡಾದರೆ ಬೆಳ್ಳಿಗೆ ಬಡಿದು ಚಪ್ಪಟೆಯಾಗಿ ಬಿದ್ದುಹೋದೀತು. ಜಾರ್ಜ್ ಸೈನಿಕರ, ಅದರಲ್ಲೂ ಸವಾರರ ರಕ್ಷಕ. ದೇವರ ಹೆಸರೂ ಓದಲು ಬರುವಂತೆ ಮಾತೃಭಾಷೆಯಲ್ಲೇ ಇದೆ. ತಾಯಿತಕ್ಕೆ ಇನ್ನೇನು ಬೇಕು? ಸೈನಿಕರು ಮುಖಬೆಲೆಯ ಹಲವು ಪಟ್ಟು ಕೊಟ್ಟು ಈ ಟಾಲರನ್ನು ಕೊಳ್ಳತೊಡಗಿದರು. ಗುಂಡಿಗಷ್ಟೇ ಅಲ್ಲ, ಕುದುರೆಯಿಂದ ಬೀಳದಿರಲೂ ಅದು ಒಳ್ಳೆಯದೆಂಬ ನಂಬಿಕೆ ಬೆಳೆಯಿತು. ಡಾವಿಡ್ 1628ರಲ್ಲಿ ಸತ್ತ. ಅವನ ಶಾಖೆ 1666ರಲ್ಲಿ ಅಳಿಯಿತು. ಕಥೆ ಮಾತ್ರ ಮುಂದುವರಿಯಿತು.

ಅದೇ ಕಾಲಕ್ಕೆ ಇನ್ನೊಂದು ಅನಾಹುತವೂ ನಡೆದಿತ್ತು. 1619ರಿಂದ 1623ರವರೆಗೆ ಜರ್ಮನಿಯ ಧಣಿಗಳು, ಮಾನ್ಸ್‌ಫೆಲ್ಡಿನವರೂ ಸೇರಿ, ತಾಮ್ರವೇ ಹೆಚ್ಚಿದ್ದ ಕಳಪೆ ಚಿಲ್ಲರೆಯನ್ನು ರಾಶಿರಾಶಿಯಾಗಿ ಅಚ್ಚು ಹಾಕಿದರು. ತಕ್ಕಡಿಯಲ್ಲಿ ತೂಗಿ ಭಾರದ ಹಳೆ ನಾಣ್ಯಗಳನ್ನು ಆರಿಸಿ ಕರಗಿಸುವುದೇ ಒಂದು ಕಸುಬಾಯಿತು. ಒಳ್ಳೆಯ ಟಾಲರ್‌ಗಳು ಎಷ್ಟೋ ಹಾಗೆ ಹೋದವು. ಇನ್ನಷ್ಟು ಯುರೋಪಿನ ಬೆಳ್ಳಿ ವ್ಯಾಪಾರಿ ಹಡಗುಗಳಲ್ಲಿ ಪೂರ್ವಕ್ಕೆ ಬಂದು ಸೂರತ್ತಿನಂಥ ಮೊಘಲ್ ಟಂಕಸಾಲೆಗಳಲ್ಲಿ ರೂಪಾಯಿಯಾಯಿತು. ಜಾರ್ಜ್ ಟಾಲರಿನ ಅದೃಷ್ಟವೆಂದರೆ ತಾಯಿತವಾದ ನಾಣ್ಯವನ್ನು ಯಾರೂ ಕರಗಿಸಲಿಲ್ಲ. ದುರದೃಷ್ಟವೆಂದರೆ ತೂತು ಕೊರೆದರು. ನಮ್ಮ ಕಾಸಿನ ಸರದ ಕಥೆಯೂ ಇದೇ ತಾನೆ? ಕೊರಳಿಗೆ ಏರಿದ್ದಕ್ಕೇ ಕಾಸು ಉಳಿಯಿತು, ಏರಿದ್ದಕ್ಕೇ ಹಾಳಾಯಿತು.

ಬೇಡಿಕೆ ಇದ್ದಲ್ಲಿ ಪೂರೈಕೆ ಹುಟ್ಟುತ್ತದೆ. ಇಂದಿನ ಸ್ಲೊವಾಕಿಯದಲ್ಲಿರುವ ಕ್ರೆಮ್ನಿಟ್ಸ್ ಗಣಿಯೂರಿನಲ್ಲಿ ಜಾರ್ಜ್ ಪದಕಗಳು ಅಚ್ಚಾದವು, ಚಿಕ್ಕವು, ದೊಡ್ಡವು, ಚಿನ್ನದವು, ಬೆಳ್ಳಿಯವು. ಒಂದು ಮುಖದಲ್ಲಿ ಜಾರ್ಜ್, ‘ಸವಾರರ ರಕ್ಷಕ’ ಎಂಬರ್ಥದ ಲ್ಯಾಟಿನ್ ಬರಹ. ಮತ್ತೊಂದರಲ್ಲಿ ಬಿರುಗಾಳಿಗೆ ಸಿಕ್ಕ ದೋಣಿ, ಅದರಲ್ಲಿ ನಿದ್ರಿಸುತ್ತಿರುವ ಯೇಸು, ‘ಬಿರುಗಾಳಿಯಲ್ಲೂ ಅಭಯ’ ಎಂಬ ಸಾಲು. ನಾವಿಕರಿಗೂ ಹಿಡಿಸಿತು. ಇವು ಮೋಸದ ವಸ್ತುಗಳಲ್ಲ, ಪದಕಗಳು. ಧಣಿಯ ಹೆಸರಿಲ್ಲ, ಲಾಂಛನವಿಲ್ಲ, ತೂಕಕ್ಕೆ ಟಾಲರಿನ ನಿಯಮವೂ ಇಲ್ಲ. ಆದರೆ ‘ಹಳೇ ಜಾರ್ಜ್ ಟಾಲರ್’ ಎಂಬ ಹೆಸರಲ್ಲಿ ಮಾರಾಟಕ್ಕೆ ಬರುವವುಗಳಲ್ಲಿ ಇವೇ ಹೆಚ್ಚು. ಇವುಗಳ ಇತ್ತೀಚಿನ ಎರಕದ ನಕಲುಗಳು ಇನ್ನೂ ಹೆಚ್ಚು. ದೋಣಿ ಕಂಡರೆ ಅದು ಮಾನ್ಸ್‌ಫೆಲ್ಡಿನದಲ್ಲ. ನೆನಪಿಡಲು ಇಷ್ಟು ಸಾಕು.

ಈಗ ಲಾಂಛನವೂ ಹೆಸರೂ ಸರಿಯಾಗಿರುವ ಒಂದು ಪ್ರತಿ ಕೈಗೆ ಬಂತೆಂದುಕೊಳ್ಳಿ. ಮೊದಲು ತೂಕ, ಆಮೇಲೆ ಸಾಂದ್ರತೆ. ಸಾಂದ್ರತೆ ನೋಡಲು 0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ, ಒಂದು ಲೋಟ ನೀರು, ತೆಳು ನೈಲಾನ್ ದಾರ ಸಾಕು. ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಇಲ್ಲದಿದ್ದರೆ ಕುದುರೆಯ ಕಾಲುಗಳ ಸಂದಿಯಲ್ಲಿ ಗಾಳಿಗುಳ್ಳೆ ನಿಂತು ಲೆಕ್ಕ ಕೆಡುತ್ತದೆ. ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ದಾರದಲ್ಲಿ ನಾಣ್ಯ ಕಟ್ಟಿ, ಲೋಟದ ತಳ-ಗೋಡೆಗೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಕೈ ನಡುಗಿದರೆ ಅಂಕಿಯೂ ನಡುಗುತ್ತದೆ. ದಾರವನ್ನು ಒಂದು ಕಡ್ಡಿಗೆ ಕಟ್ಟಿ ಎರಡು ಡಬ್ಬಿಗಳ ಮೇಲೆ ಅಡ್ಡ ಇಡುವುದು ಒಳ್ಳೆಯದು. ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಅದರಿಂದ ಭಾಗಿಸಿ. 889 ಶುದ್ಧತೆಯ ಬೆಳ್ಳಿ-ತಾಮ್ರಕ್ಕೆ 10.29 ಬರಬೇಕು. ಅಂದರೆ 29.2 ಗ್ರಾಂ ನಾಣ್ಯಕ್ಕೆ ತಕ್ಕಡಿ 2.84 ತೋರಬೇಕು. ಬೆಳ್ಳಿ ಲೇಪಿಸಿದ ತಾಮ್ರವಾದರೆ 3.26, ಹಿತ್ತಾಳೆಯಾದರೆ 3.4ರ ಮೇಲೆ. 0.1 ಗ್ರಾಮಿನ ಅಡುಗೆಮನೆ ತಕ್ಕಡಿ ಇದಕ್ಕೆ ಬಾರದು. 2.8ಕ್ಕೆ 10.43, 2.9ಕ್ಕೆ 10.07, ನಿಜ ಈ ಎರಡರ ನಡುವೆಲ್ಲೋ ಕಳೆದುಹೋಗುತ್ತದೆ.

ಸಾಂದ್ರತೆ ಸರಿಬಂದ ಮಾತ್ರಕ್ಕೆ ಅಸಲಿಯಲ್ಲ. ಸೀಸದ ಸಾಂದ್ರತೆ 11.3, ತವರದ್ದು 7.3. ಎರಡನ್ನೂ ಹದವಾಗಿ ಬೆರೆಸಿದರೆ 10.3 ಬರುತ್ತದೆ. ಆದರೆ ಅದು ಮೆತ್ತಗೆ, ಮೇಜಿನ ಮೇಲೆ ತಟ್ಟಿದರೆ ದನಿ ಸತ್ತಿರುತ್ತದೆ. ಅಸಲಿ ಬೆಳ್ಳಿಯಲ್ಲೇ ಎರಕ ಹೊಯ್ದ ನಕಲು ಇನ್ನೂ ಜಾಣತನದ್ದು. ಅಲ್ಲಿ ಅಳತೆ ಸಹಾಯಕ್ಕೆ ಬರುತ್ತದೆ. ಕರಗಿದ ಬೆಳ್ಳಿ ಗಟ್ಟಿಯಾಗಿ ತಣ್ಣಗಾಗುವಾಗ ಸುಮಾರು ನೂರಕ್ಕೆ ಎರಡರಷ್ಟು ಕುಗ್ಗುತ್ತದೆ. 41 ಮಿಲಿಮೀಟರಿನ ಮೂಲದಿಂದ ಎರಕ ತೆಗೆದರೆ ಸುಮಾರು 40.2. ಕೈಯಚ್ಚಿನ ನಾಣ್ಯಕ್ಕೆ ಅಗಲ ಹೇಗೂ ಏರುಪೇರು ಎಂಬುದರಿಂದ ಹೊರ ಅಂಚನ್ನು ಅಳೆದು ಫಲವಿಲ್ಲ. ಅಳೆಯಬೇಕಾದದ್ದು ಅಚ್ಚಿನ ಒಳಗಿನ ದೂರ, ಒಂದು ಅಕ್ಷರದ ತುದಿಯಿಂದ ಎದುರಿನ ಅಕ್ಷರದ ತುದಿಗೆ. ಅದೇ ಅಚ್ಚಿನ ಖಚಿತ ಪ್ರತಿಯೊಂದರ ಅಳತೆಗೆ ಹೋಲಿಸಿದಾಗ ಕುಗ್ಗಿದ್ದು ಬಯಲಾಗುತ್ತದೆ. ಅಕ್ಷರದ ಬುಡ ಮೊಂಡಾಗಿರುವುದು, ಬಯಲು ಭಾಗದಲ್ಲಿ ಸೂಜಿಮೊನೆಯಂಥ ಕುಳಿಗಳು, ಅಂಚಿನ ನಡುವೆ ಸುತ್ತಲೂ ಓಡುವ ಗೆರೆ ಅಥವಾ ಅದನ್ನು ಉಜ್ಜಿದ ಗುರುತು, ಇವು ಎರಕದ ಲಕ್ಷಣ. ಎರಡು ಬೇರೆ ಬೇರೆ ಮಾರಾಟಗಳಲ್ಲಿ ಬಂದ ಪ್ರತಿಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಆಕಾರದ ಗೀರು ಕಂಡರೆ ಮಾತ್ರ ವಾದಕ್ಕೆ ಆಸ್ಪದವಿಲ್ಲ. ಗೀರು ಅಚ್ಚಿನಲ್ಲಿ ಇರುವುದಿಲ್ಲ, ಕಿಸೆಯಲ್ಲಿ ಬೀಳುತ್ತದೆ.

ನಮ್ಮ ಊರುಗಳ ಹಾಲ್‌ಮಾರ್ಕ್ ಕೇಂದ್ರಗಳಲ್ಲಿರುವ, ಎಕ್ಸ್-ಕಿರಣ ಹಾಯಿಸಿ ಲೋಹಗಳ ಪ್ರಮಾಣ ಹೇಳುವ ಎಕ್ಸ್‌ಆರ್‌ಎಫ್ ಯಂತ್ರವನ್ನೂ ಬಳಸಬಹುದು, ಅದರ ಮಾತನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ. ಯಂತ್ರ ನೋಡುವುದು ಚರ್ಮವನ್ನು ಮಾತ್ರ. ಉಪ್ಪು-ಹುಳಿಯಲ್ಲಿ ಕುದಿಸಿದ ಬಿಲ್ಲೆಯ ಚರ್ಮದಲ್ಲಿ ತಾಮ್ರ ಕಡಿಮೆ. ಹಾಗಾಗಿ ಅಸಲಿ ಟಾಲರ್ ಯಂತ್ರದಲ್ಲಿ 88.9ಕ್ಕಿಂತ ಹೆಚ್ಚೇ ತೋರುವುದು ಸಹಜ, ಸವೆದ ಉಬ್ಬುಗಳಲ್ಲಿ ಕಡಿಮೆ, ತಗ್ಗುಗಳಲ್ಲಿ ಹೆಚ್ಚು. ಎಲ್ಲ ಕಡೆಯೂ ಅಚ್ಚುಕಟ್ಟಾಗಿ 92.5 ಬಂದರೆ ಅದು ಇಂದಿನ ಆಭರಣದ ಬೆಳ್ಳಿ. ಸೀಸದಿಂದ ಬೇರ್ಪಡಿಸಿದ ಹಳೆ ಬೆಳ್ಳಿಯಲ್ಲಿ ಸೀಸ, ಚಿನ್ನ, ಕೆಲವೊಮ್ಮೆ ಬಿಸ್ಮತ್ ತುಣುಕು ಪ್ರಮಾಣದಲ್ಲಿ ಉಳಿದಿರುತ್ತವೆ. ಇಂದಿನ ವಿದ್ಯುತ್ ಶುದ್ಧೀಕರಣದ ಬೆಳ್ಳಿಯಲ್ಲಿ ಅವು ಇರುವುದಿಲ್ಲ. ಯಂತ್ರದವರು ಸಾಮಾನ್ಯವಾಗಿ ಬೆಳ್ಳಿಯ ಅಂಕಿಯೊಂದನ್ನೇ ಹೇಳಿ ಕಳಿಸುತ್ತಾರೆ. ಪೂರ್ತಿ ಪಟ್ಟಿ ಕೇಳಿ ಪಡೆಯಿರಿ.

ಮುಲಾಮಿನ ವಿಷಯವೂ ಇದೇ ಯಂತ್ರದಲ್ಲಿ ತಿಳಿಯುತ್ತದೆ. ಹಿಂದಿನ ಕಾಲದ ಮುಲಾಮು ಪಾದರಸದ್ದು: ಚಿನ್ನವನ್ನು ಪಾದರಸದಲ್ಲಿ ಕಲಸಿ ಹಚ್ಚಿ, ಕಾಯಿಸಿ, ಪಾದರಸ ಹಾರಿಸುವುದು. ಎಷ್ಟು ಹಾರಿಸಿದರೂ ಒಂದಿಷ್ಟು ಪಾದರಸ ಉಳಿಯುತ್ತದೆ. 1840ರ ದಶಕದಿಂದ ಬಂದ ವಿದ್ಯುತ್ ಲೇಪನದಲ್ಲಿ ಅದು ಇರುವುದಿಲ್ಲ. ಅಂದರೆ ಪಾದರಸ ಕಂಡ ಮುಲಾಮು ನಾಣ್ಯ ತಾಯಿತವಾಗಿದ್ದ ಕಾಲದ್ದೇ ಇರಬಹುದು. ಕಾಣದ್ದು ಯಾರೋ ಅಜ್ಜಿಯ ಬ್ರೂಚಿಗೆ ಹಾಕಿಸಿದ್ದು. ತಕ್ಕಡಿಯಲ್ಲಿ ಇದು ಸಿಕ್ಕುವುದಿಲ್ಲ. ಮೂರು ಮೈಕ್ರಾನ್ ದಪ್ಪದ ಚಿನ್ನ ಇಡೀ ನಾಣ್ಯವನ್ನು ಮುಚ್ಚಿದರೂ ಸೇರುವುದು ಸುಮಾರು 0.17 ಗ್ರಾಂ ಮಾತ್ರ. ಒರೆಸಿ ತೆಗೆದ ಮುಲಾಮು ಅಕ್ಷರಗಳ ಬುಡದಲ್ಲಿ, ರೆಕ್ಕೆ-ಬಾಲಗಳ ಮಡಿಕೆಯಲ್ಲಿ ಹಳದಿಯಾಗಿ ಅಡಗಿರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರುವ ಲೂಪ್ ಸಾಕು.

ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಬೇಕಾದದ್ದು ಜಾರ್ಜನ ತಲೆಯ ನೇರ ಮೇಲಿನ ಅಂಚು. ತೊಟ್ಟವನಿಗೆ ಸಂತ ನೆಟ್ಟಗೆ ನಿಲ್ಲಬೇಕು, ಹಾಗಾಗಿ ಕೊಂಡಿ ಕೂರುವುದು ಅಲ್ಲೇ. ಲಾಂಛನದ ಮುಖ ಯಾವ ಕೋನದಲ್ಲಿದ್ದರೂ ಯಾರೂ ಲೆಕ್ಕಿಸುತ್ತಿರಲಿಲ್ಲ. ಅಲ್ಲಿ ಅಂಚು ಚಪ್ಪಟೆಯಾಗಿದೆಯೇ, ಬೂದುಬಣ್ಣದ ಬೆಸುಗೆಯ ಕಣವಿದೆಯೇ, ಅದರ ಕೆಳಗಿನ ಒಂದೆರಡು ಅಕ್ಷರ ಮಾತ್ರ ಪಕ್ಕದವುಗಳಿಗಿಂತ ಮಸುಕೇ? ಬೆಸುಗೆಯ ಕಾವು ತಾಗಿದ ಜಾಗದ ಬಣ್ಣ ಬೇರೆಯಿರುತ್ತದೆ. ತೂತು ಮುಚ್ಚಿದ್ದರೆ ಓರೆಬೆಳಕಿನಲ್ಲಿ ಮಸುಕು ಬಳೆಯೊಂದು ಕಾಣುತ್ತದೆ. ನಾಣ್ಯದ ಮೇಲೆ ಬಾಯಿಯ ಆವಿ ಬಿಟ್ಟರೆ ಮುಚ್ಚಿದ ಭಾಗದ ಮಂಜು ಬೇರೆ ವೇಗದಲ್ಲಿ ಆರುವುದೂ ಉಂಟು. ಜಾಣ ರಿಪೇರಿಯವರು ಮುಚ್ಚಿದ ಜಾಗದಲ್ಲಿ ಅಕ್ಷರವನ್ನೇ ಹೊಸದಾಗಿ ಕೆತ್ತುತ್ತಾರೆ. ಆದರೆ ಅಚ್ಚಿನಲ್ಲಿ ಒಂದು ಅಕ್ಷರ ಎಷ್ಟು ಸಲ ಬಂದರೂ ಅದನ್ನು ಒತ್ತಿದ ಅಕ್ಷರಮೊಳೆ ಒಂದೇ. ಆ ‘ಟಿ’ಯನ್ನು ಅದೇ ವಾಕ್ಯದ ಇನ್ನೊಂದು ‘ಟಿ’ಯ ಪಕ್ಕ ಇಟ್ಟು ನೋಡಿದರೆ ಕೈಗೆಲಸ ಗೊತ್ತಾಗಿಬಿಡುತ್ತದೆ.

ಅರದ ಗೀರು ಕಂಡ ಕೂಡಲೇ ನಾಣ್ಯವನ್ನು ತಿರಸ್ಕರಿಸುವವರಿದ್ದಾರೆ. ಅದು ಅವಸರ. ತೂಕ ಇಳಿಸಲು ಟಂಕಸಾಲೆಯಲ್ಲೇ ಎಳೆದ ಗೀರು ಅಚ್ಚಿನ ಏಟಿಗೆ ಮೊದಲಿನದು. ಉಬ್ಬು ಭಾಗಗಳಲ್ಲಿ ಅಚ್ಚು ಆಳವಾಗಿರುವುದರಿಂದ ಅಲ್ಲಿ ಗೀರು ಪೂರ್ತಿ ಒತ್ತಿಹೋಗದೆ ಸಮಾನಾಂತರ ಸಾಲಾಗಿ ಉಳಿಯುತ್ತದೆ, ಬಯಲು ಭಾಗದಲ್ಲಿ ಅಳಿಸಿಹೋಗಿರುತ್ತದೆ. ಆಮೇಲೆ ಎಳೆದ ಗೀರು ಚಿತ್ರವನ್ನೂ ಬಯಲನ್ನೂ ಒಂದೇ ಸಮ ಕೊಯ್ದುಕೊಂಡು ಹೋಗುತ್ತದೆ, ಅದರ ದಡಗಳು ಬೆರಳಿಗೆ ಚೂಪು. ಮೊದಲನೆಯದು ಹುಟ್ಟುಗುರುತು, ಬೆಲೆಗೆ ಹೆಚ್ಚು ಪೆಟ್ಟಿಲ್ಲ. ಎರಡನೆಯದು ಗಾಯ.

ಮಾರುಕಟ್ಟೆ ಕೊಂಡಿಯ ಗುರುತಿಗೆ ಬೆಲೆ ಇಳಿಸುತ್ತದೆ, ಇಳಿಸಲಿ. ಆದರೆ ಕೊಂಡಿ ಇನ್ನೂ ಕೂತಿರುವ, ಮುಲಾಮು ಇನ್ನೂ ಮಿನುಗುವ ಪ್ರತಿಗೂ, ಕೊಂಡಿ ಕಿತ್ತು ಅಂಚು ತಿದ್ದಿ ‘ಹೊಸದರಂತೆ’ ಮಾಡಿದ ಪ್ರತಿಗೂ ಒಂದೇ ದರ ಕಟ್ಟುವುದು ನಮಗೆ ಒಪ್ಪಿಗೆಯಿಲ್ಲ. ಮೊದಲನೆಯದು ಯುದ್ಧಕ್ಕೆ ಹೋಗಿಬಂದ ವಸ್ತು, ಅದರ ಕೊಂಡಿ ಅದರ ಭಾಗವೇ. ಎರಡನೆಯದರಲ್ಲಿ ಟಂಕಸಾಲೆಯ ನಾಣ್ಯವೂ ಇಲ್ಲ, ತಾಯಿತವೂ ಇಲ್ಲ. ಹಾಗಾಗಿ ಮನೆಯಲ್ಲಿ ಕೊಂಡಿಯಿರುವ ಪ್ರತಿ ಇದ್ದರೆ ಅಕ್ಕಸಾಲಿಗರ ಹತ್ತಿರ ಒಯ್ದು ತೆಗೆಸಬೇಡಿ.

ತೊಳೆಯುವ ಆಸೆಯನ್ನೂ ಬಿಡಿ. ಹುಣಿಸೆಹಣ್ಣು, ನಿಂಬೆ, ಪೀತಾಂಬರಿ ಪುಡಿ, ಅಲ್ಯೂಮಿನಿಯಂ ಹಾಳೆ-ಸೋಡಾ ಯಾವುದೂ ಬೇಡ. ನಾಲ್ಕು ಶತಮಾನದ ಬೂದುಛಾಯೆ ಹೋಗಿ ಸತ್ತ ಬಿಳುಪು ಬರುತ್ತದೆ, ಮತ್ತೆ ಬರಿಸಲಾಗುವುದಿಲ್ಲ. ಎಣ್ಣೆಜಿಡ್ಡು ಅಥವಾ ಪ್ಲಾಸ್ಟಿಕ್ ಲಕೋಟೆಯ ಹಸಿರು ಅಂಟು ಇದ್ದರೆ ಮಾತ್ರ ಶುದ್ಧ ಅಸಿಟೋನ್, ಗಾಜಿನ ಬಟ್ಟಲಲ್ಲಿ ಹತ್ತು ನಿಮಿಷ, ಉಜ್ಜದೆ, ಕಿಟಕಿ ತೆರೆದು, ಬೆಂಕಿಯಿಂದ ದೂರ. ಅಂಗಡಿಯ ಉಗುರುಬಣ್ಣ ತೆಗೆಯುವ ದ್ರವ ಶುದ್ಧ ಅಸಿಟೋನ್ ಅಲ್ಲ, ಅದರಲ್ಲಿ ಎಣ್ಣೆ-ಪರಿಮಳ ಸೇರಿರುತ್ತವೆ. ಮೆತ್ತನೆಯ ಪಿವಿಸಿ ಲಕೋಟೆಗಳೇ ಆ ಹಸಿರು ಅಂಟಿಗೆ ಕಾರಣ. ಮಂಗಳೂರು, ಕಾರವಾರದ ಕಡೆಯ ತೇವಕ್ಕೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಮಳೆಗಾಲದಲ್ಲಿ ಬದಲಿಸುತ್ತಿರಬೇಕು.

ವಿದೇಶದ ಹರಾಜಿನಲ್ಲಿ ಕೊಂಡು ಇಲ್ಲಿಗೆ ತರುವವರು ಒಂದು ಕಾನೂನು ತಿಳಿದಿರಬೇಕು. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಅಂಥದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಒಮ್ಮೆ ಒಳಗೆ ಬಂದ ಜರ್ಮನ್ ಟಾಲರನ್ನು ಮತ್ತೆ ಮಾರಲು ಹೊರಗೆ ಕಳಿಸಹೊರಟರೆ ತೊಡಕಿಗೆ ಸಿಕ್ಕಿಕೊಳ್ಳಬಹುದು. ಹರಾಜಿನ ರಸೀದಿ, ಸುಂಕ ಕಟ್ಟಿದ ಚೀಟಿ, ನಾಣ್ಯದ ಚಿತ್ರವಿರುವ ಪುಟ ಮೂರನ್ನೂ ಒಟ್ಟಿಗೆ ಇಡಿ. ಕೊಳ್ಳುವ ಮೊದಲು ಮಾರುವವರಿಂದ ಎರಡು ಮುಖದ ಚಿತ್ರದ ಜೊತೆಗೆ ಅಂಚಿನ ಚಿತ್ರವನ್ನೂ ಕೇಳಿ: ಜಾರ್ಜನ ತಲೆಯ ಮೇಲಿನಿಂದ ಶುರುಮಾಡಿ ಸುತ್ತಲೂ ನಾಲ್ಕು, ಓರೆಬೆಳಕಿನಲ್ಲಿ. ಒಳ್ಳೆಯ ವ್ಯಾಪಾರಿಗಳು ಅದೇ ದಿನ ಕಳಿಸುತ್ತಾರೆ. ಮೂರೇ ಚಿತ್ರ ಬಂದು ತಲೆಯ ಮೇಲಿನದೇ ಬಾರದಿದ್ದರೆ, ಇನ್ನೊಮ್ಮೆ ಕೇಳುವ ಬದಲು ಬೇರೆ ಪ್ರತಿ ಹುಡುಕಿ.